ವಕೀಲರ ವರದಿ ನಿಯಂತ್ರಕರ ಕೈಗೆ: ಕೊಡಬೇಕೇ, ಬೇಡವೇ? (ಪರ-ವಿರೋಧ)

ಒಂದು ಸಂಸ್ಥೆಯಲ್ಲಿ ಏನೋ ತಪ್ಪಾಗಿದೆ. ಸಂಸ್ಥೆ ವಕೀಲರನ್ನು ಕರೆಸಿ ಒಳಗೇ ವಿಚಾರಣೆ ಮಾಡಿಸುತ್ತದೆ. ಅವರು ಸಿಬ್ಬಂದಿಯನ್ನು ಮಾತಾಡಿಸಿ, ಕಡತ ತಿರುವಿ, ವರದಿ ಬರೆದುಕೊಡುತ್ತಾರೆ. ಅಷ್ಟರಲ್ಲಿ ಇಂಥ ಸಂಸ್ಥೆಗಳ ಮೇಲೆ ಕಣ್ಣಿಡುವ ಪ್ರಾಧಿಕಾರದಿಂದ, ಅಂದರೆ ನಿಯಂತ್ರಕರಿಂದ, ಪತ್ರ ಬರುತ್ತದೆ. ವಕೀಲ ಮತ್ತು ಕಕ್ಷಿದಾರರ ನಡುವಿನ ಮಾತು ಗೋಪ್ಯ. ಹಾಗಾಗಿ ಆ ವರದಿಯನ್ನು ಕೊಡಲೇಬೇಕೆಂದು ಸಾಮಾನ್ಯವಾಗಿ ಯಾರೂ ಒತ್ತಾಯಿಸುವಂತಿಲ್ಲ. ಆದರೆ ಸಂಸ್ಥೆ ತಾನಾಗಿ ಕೊಡಬಹುದು. ಕೊಟ್ಟರೆ ಗೋಪ್ಯತೆಯ ಹಕ್ಕನ್ನೇ ಬಿಟ್ಟುಕೊಟ್ಟಂತೆ ಆಗುತ್ತದೆಯೇ? ಹಾಗಾದರೂ ಪರವಾಗಿಲ್ಲ, ಕೊಡಬೇಕೇ? ಇಬ್ಬರಿಗೆ ಒಂದೊಂದು ಬದಿ ಕೊಟ್ಟು ಬರೆಯಲು ಕೇಳಿದೆವು. ಮೊದಲನೆಯವರು ಹಣಕಾಸು ಸಂಸ್ಥೆಯ ನಿಯಮಪಾಲನೆ ವಿಭಾಗದಲ್ಲಿ ದುಡಿದವರು. ಎರಡನೆಯವರು ವಕೀಲೆ.

ಪರ: ಕೊಡಬೇಕು, ತಡಮಾಡದೆ ಕೊಡಬೇಕು

ವಕೀಲರ ಹತ್ತಿರ ಮನಸ್ಸು ಬಿಚ್ಚಿ ಮಾತಾಡುವ ಹಕ್ಕು ಎಲ್ಲರಿಗೂ ಇರಬೇಕು. ಅದರಲ್ಲಿ ನನಗೆ ತಕರಾರಿಲ್ಲ. 1995ರಲ್ಲಿ ಇಂಗ್ಲೆಂಡಿನ ಆಗಿನ ಅತ್ಯುನ್ನತ ನ್ಯಾಯಾಲಯ ಹೌಸ್ ಆಫ್ ಲಾರ್ಡ್ಸ್ ಡರ್ಬಿ ಮ್ಯಾಜಿಸ್ಟ್ರೇಟ್ಸ್ ಪ್ರಕರಣದಲ್ಲಿ ಇದನ್ನು ಗಟ್ಟಿಯಾಗಿ ಹೇಳಿತು. ಇದು ಬರೀ ಸಾಕ್ಷ್ಯದ ನಿಯಮವಲ್ಲ, ನ್ಯಾಯದಾನವೇ ಇದರ ಮೇಲೆ ನಿಂತಿದೆ ಎಂದಿತು. ಅದು ಕೊಲೆ ಪ್ರಕರಣ. ಒಬ್ಬ ಮನುಷ್ಯ ಕಷ್ಟದಲ್ಲಿದ್ದಾಗ ತನ್ನ ವಕೀಲರಿಗೆ ಹೇಳಿಕೊಂಡ ಮಾತು ಬೇಕೆಂದು ಇನ್ನೊಬ್ಬರು ಕೇಳಿದ್ದರು. ಕೊಡುವುದಿಲ್ಲ ಎಂದದ್ದು ಸರಿಯೇ.

ನಾನು ಹೇಳಹೊರಟಿರುವುದು ಅಂಥ ಮನುಷ್ಯನ ಬಗ್ಗೆ ಅಲ್ಲ. ಸಾವಿರಾರು ಜನರ ದುಡ್ಡು, ಆರೋಗ್ಯ, ಉಳಿತಾಯ ಇಟ್ಟುಕೊಂಡ ಸಂಸ್ಥೆಗಳ ಬಗ್ಗೆ. ಅವು ನಡೆಯುವುದೇ ನಿಯಂತ್ರಕರು ಕೊಟ್ಟ ಪರವಾನಗಿ ಮೇಲೆ. ಅಂಥ ಸಂಸ್ಥೆ ತನ್ನ ತಪ್ಪಿನ ಬಗ್ಗೆ ತಾನೇ ಬರೆಸಿಕೊಂಡ ವರದಿಯನ್ನು ಬೀರುವಿನಲ್ಲಿಟ್ಟು, ನಿಯಂತ್ರಕರಿಗೆ "ಅದು ಗೋಪ್ಯ, ನೀವೇ ಹುಡುಕಿಕೊಳ್ಳಿ" ಎಂದರೆ ಅದಕ್ಕೆ ನ್ಯಾಯದ ಹೆಸರು ಕೊಡುವುದು ನನ್ನಿಂದ ಆಗುವುದಿಲ್ಲ. ಈ ಹಕ್ಕು ವಕೀಲರದ್ದಲ್ಲ, ಕಕ್ಷಿದಾರರದ್ದು. ಬಿಟ್ಟುಕೊಡಲು ವಕೀಲರ ಅಪ್ಪಣೆ ಬೇಕಿಲ್ಲ. ಸಂಸ್ಥೆ ಮನಸ್ಸು ಮಾಡಿದರೆ ಸಾಕು.

ನನಗೆ ಈ ವಿಷಯದಲ್ಲಿ ಇಷ್ಟು ಸಿಟ್ಟು ಏಕೆ ಎಂದು ಹೇಳಿಬಿಡುತ್ತೇನೆ.

ನಾನು ಕೆಲಸ ಮಾಡುತ್ತಿದ್ದ ಸಂಸ್ಥೆ ಸಣ್ಣ ಸಾಲ ಕೊಡುತ್ತಿತ್ತು. ಒಂದು ತ್ರೈಮಾಸಿಕದ ಕೊನೆಯಲ್ಲಿ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಒಂದು ಬದಲಾವಣೆ ಮಾಡಿದರು. ಅಲ್ಲಿಂದ ಶುರುವಾಯಿತು. ಕಂತು ಒಂದೆರಡು ದಿನ ತಡವಾಗಿ ಕಟ್ಟಿದವರಿಗೆ ದಂಡ ಎರಡು ಸಲ ಬೀಳುತ್ತಿತ್ತು. ಮೊತ್ತ ಸಣ್ಣದು. ಎಷ್ಟೋ ಜನಕ್ಕೆ ಗೊತ್ತೇ ಆಗಲಿಲ್ಲ. ಗೊತ್ತಾದವರು ಫೋನ್ ಮಾಡಿದರು. ಫೋನ್ ಎತ್ತಿದವರು "ಸರಿ ಮಾಡುತ್ತೇವೆ" ಎಂದು ಇಟ್ಟರು. ದೂರುಗಳು ಒಂದು ರಾಶಿಯಾದ ಮೇಲೆ ನಮ್ಮ ವಿಭಾಗಕ್ಕೆ ಬಂದವು. ನಾವು ಮೇಲಿನವರಿಗೆ ಬರೆದೆವು. ಮೇಲಿನವರು ಹೊರಗಿನ ವಕೀಲರನ್ನು ಕರೆಸಿದರು.

ವಕೀಲರು ಒಳ್ಳೆಯ ಕೆಲಸ ಮಾಡಿದರು, ಅದನ್ನು ಒಪ್ಪಲೇಬೇಕು. ಆರು ವಾರದಲ್ಲಿ ವರದಿ ಬಂತು. ಅದರ ಪ್ರತಿಯೊಂದು ಪುಟದ ತಲೆಯಲ್ಲೂ "ಗೋಪ್ಯ, ಕಾನೂನು ಸಲಹೆಗಾಗಿ" ಎಂದು ಅಚ್ಚಾಗಿತ್ತು. ನಾನು ಓದಿದೆ. ವ್ಯವಸ್ಥೆ ನೋಡಿಕೊಳ್ಳುವ ತಂಡದಲ್ಲಿ ಒಬ್ಬ ಹುಡುಗ ಇದ್ದ. ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಬದಲಾವಣೆ ಹಾಕುವ ಮುಂಚೆಯೇ ಅವನು ತನ್ನ ಮೇಲಧಿಕಾರಿಗೆ ಹೇಳಿದ್ದ. ಹೀಗೆ ಹಾಕಿದರೆ ದಂಡ ಎರಡು ಸಲ ಎಣಿಕೆಯಾಗುತ್ತದೆ, ಒಂದು ವಾರ ಕೊಡಿ ಎಂದು ಕೇಳಿದ್ದ. ಈಗ ಹಾಕು, ಆಮೇಲೆ ಸರಿಮಾಡೋಣ ಎಂದು ಉತ್ತರ ಬಂದಿತ್ತು. ಆ ಉತ್ತರ ಎಲ್ಲಿಂದ ಬಂತು, ಅದರ ಹಿಂದೆ ಯಾರಿದ್ದರು ಎಲ್ಲವೂ ವರದಿಯಲ್ಲಿತ್ತು.

ನಿಯಂತ್ರಕರು ಕೇಳಿದರು: ಈ ಬದಲಾವಣೆಗೆ ಒಪ್ಪಿಗೆ ಕೊಟ್ಟವರು ಯಾರು? ನಮ್ಮ ಸಂಸ್ಥೆ ಎರಡು ಪುಟದ ಪತ್ರ ಕೊಟ್ಟಿತು. ತಾಂತ್ರಿಕ ದೋಷ, ಸರಿಪಡಿಸುತ್ತಿದ್ದೇವೆ ಎಂದಿತ್ತು. ಒಳ ವಿಚಾರಣೆ ಆಗಿದೆಯೇ ಎಂದು ಕೇಳಿದರು. ಆಗಿದೆ, ಆದರೆ ವರದಿ ಗೋಪ್ಯ ಎಂದು ಬರೆದರು. ಆ ಎರಡನೇ ಪತ್ರವನ್ನು ಟೈಪ್ ಮಾಡಿಸಿ, ಸಹಿ ಹಾಕಿಸಿ, ಕಳಿಸಿದವಳು ನಾನೇ.

ನಿಯಂತ್ರಕರ ಕೈಯಲ್ಲಿ ಉಳಿದದ್ದು ಕಂಪ್ಯೂಟರ್ ದಾಖಲೆ ಮಾತ್ರ. ಬದಲಾವಣೆ ಹಾಕಿದ ಕ್ಷಣ, ಹಾಕಿದವರ ಗುರುತು. ಅದು ಆ ಹುಡುಗನದ್ದು. ಮುಂದೇನಾಯಿತು ಎಂದು ಊಹಿಸುವುದು ಕಷ್ಟವಲ್ಲ. ಸಂಸ್ಥೆಯೇ ಅವನನ್ನು ತೆಗೆದುಹಾಕಿತು. "ಕ್ರಮ ತೆಗೆದುಕೊಂಡಿದ್ದೇವೆ" ಎಂದು ನಿಯಂತ್ರಕರಿಗೆ ಬರೆಯಿತು. ಅವನು ಹೋಗುವ ದಿನ ನನ್ನ ಮೇಜಿನ ಮುಂದೆಯೇ ಹಾದುಹೋದ. ಏನೂ ಕೇಳಲಿಲ್ಲ. ಅವನಿಗೆ ಆ ವರದಿ ಇದೆ ಎಂಬುದೇ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಬಾಯಿ ಬಿಡುವಂತಿರಲಿಲ್ಲ. ಗೋಪ್ಯತೆ ಸಂಸ್ಥೆಯದ್ದು, ನನ್ನದಲ್ಲ.

ಹತ್ತೊಂಬತ್ತು ತಿಂಗಳು ಹೀಗೇ ಎಳೆಯಿತು. ಪತ್ರ, ಉತ್ತರ, ಮತ್ತೆ ಪತ್ರ. ಅಷ್ಟೂ ಕಾಲ ಗ್ರಾಹಕರ ದುಡ್ಡು ವಾಪಸ್ ಹೋಗಲಿಲ್ಲ. ತಪ್ಪು ಎಷ್ಟು ಖಾತೆಗಳಲ್ಲಿ ಆಗಿದೆ ಎಂಬ ಪಟ್ಟಿಯೂ ಅದೇ ವರದಿಯ ಕೊನೆಯಲ್ಲಿತ್ತು ನೋಡಿ! ಆಮೇಲೆ ಹೊಸ ಮುಖ್ಯಸ್ಥರು ಬಂದರು. ಮೊದಲ ತಿಂಗಳಲ್ಲೇ ವರದಿ ತರಿಸಿಕೊಂಡು ಓದಿದರು. ಒಂದು ಕರಾರು ಬರೆಸಿದರು. ಈ ತನಿಖೆಗೆ ಮಾತ್ರ ಕೊಡುತ್ತಿದ್ದೇವೆ, ಬೇರೆ ಯಾರ ಎದುರೂ ಗೋಪ್ಯತೆ ಬಿಟ್ಟಿಲ್ಲ ಎಂದು. ನಿಯಂತ್ರಕರು ಸಹಿ ಹಾಕಿದರು. ವರದಿ ಹೋಯಿತು. ಎಂಟು ವಾರದಲ್ಲಿ ಎಲ್ಲ ಮುಗಿಯಿತು. ದುಡ್ಡು ವಾಪಸ್ ಹೋಗಲು ಶುರುವಾಯಿತು.

ಕೊಟ್ಟರೆ ಎಲ್ಲ ಹೋಯಿತು ಎನ್ನುವವರು ಈ ಕರಾರಿನ ಮಾತೇ ಎತ್ತುವುದಿಲ್ಲ. ಗೋಪ್ಯತೆ ಗಾಜಿನ ಲೋಟವಿದ್ದಂತೆ, ಒಮ್ಮೆ ಬಿದ್ದರೆ ಚೂರು ಎಂದು ಹೆದರಿಸುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. 1988ರಲ್ಲಿ ಇಂಗ್ಲೆಂಡಿನಲ್ಲಿ ಬ್ರಿಟಿಷ್ ಕೋಲ್ ಪ್ರಕರಣ ನಡೆಯಿತು. ಆ ಸಂಸ್ಥೆ ತನ್ನ ಗೋಪ್ಯ ಕಾಗದಗಳನ್ನು ಪೊಲೀಸರ ತನಿಖೆಗೆ ಕೊಟ್ಟಿತ್ತು. ಎದುರು ಪಕ್ಷದವರು ಸಿವಿಲ್ ದಾವೆಯಲ್ಲಿ ಅವು ನಮಗೂ ಬೇಕು ಎಂದರು. ಮೇಲ್ಮನವಿ ನ್ಯಾಯಾಲಯ ಕೊಡಲಿಲ್ಲ. ತನಿಖೆಗೆ ಸಹಾಯ ಮಾಡಿದ್ದಕ್ಕೆ ಗೋಪ್ಯತೆ ಕಳೆದುಕೊಳ್ಳಬೇಕಿಲ್ಲ ಎಂದಿತು. 2015ರಲ್ಲಿ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ನಿಯಂತ್ರಕರಿಗೆ ಷರತ್ತಿನ ಮೇಲೆ ಕೊಟ್ಟ ಕಾಗದಗಳ ವಿಷಯದಲ್ಲೂ ಹಾಗೇ ಆಯಿತು. ಅವು ದಾವೆ ಹಾಕಿದವರ ಎದುರು ಗೋಪ್ಯವಾಗಿಯೇ ಉಳಿದವು. 2012ರಲ್ಲಿ ಹಾಂಗ್ ಕಾಂಗ್‌ನ ಮೇಲ್ಮನವಿ ನ್ಯಾಯಾಲಯ ಸಿಟಿಕ್ ಪೆಸಿಫಿಕ್ ಪ್ರಕರಣದಲ್ಲಿ ಸೀಮಿತವಾಗಿ ಬಿಟ್ಟುಕೊಡುವುದು ಸಾಧ್ಯ ಎಂದು ಒಪ್ಪಿತು. ಆಸ್ಟ್ರೇಲಿಯಾದ ಕಂಪನಿ ನಿಯಂತ್ರಕರು ಇದಕ್ಕೆಂದೇ ಸಿದ್ಧ ಕರಾರಿನ ನಮೂನೆಯನ್ನೇ ಇಟ್ಟಿದ್ದಾರೆ. ಖಾಲಿ ಜಾಗ ತುಂಬಿ ಸಹಿ ಹಾಕಿದರೆ ಆಯಿತು.

ಅಮೆರಿಕದಲ್ಲೂ ದಾರಿ ಇದೆ. 2006ರಲ್ಲಿ ಅಲ್ಲಿನ ಸಂಸತ್ತು ಬ್ಯಾಂಕುಗಳಿಗಾಗಿ ಒಂದು ಕಾನೂನು ಮಾಡಿತು. ಬ್ಯಾಂಕು ತನ್ನ ಮೇಲ್ವಿಚಾರಕರಿಗೆ ಗೋಪ್ಯ ಕಾಗದ ಕೊಟ್ಟರೆ, ಬೇರೆಯವರ ಎದುರು ಆ ಗೋಪ್ಯತೆ ಹಾಗೇ ಇರುತ್ತದೆ. ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋವನ್ನು 2012ರಲ್ಲಿ ಅದಕ್ಕೆ ಸೇರಿಸಿದರು. ಬ್ಯಾಂಕುಗಳೇನು ಮುಳುಗಿಹೋಗಲಿಲ್ಲ. ವಕೀಲರ ಹತ್ತಿರ ಹೋಗುವುದನ್ನೂ ಅವು ಬಿಡಲಿಲ್ಲ. ಶಾಸನ ಮಾಡುವವರಿಗೆ ಮನಸ್ಸಿದ್ದರೆ ಒಂದೇ ಕಲಮಿನಲ್ಲಿ ಮುಗಿಯುವ ಕೆಲಸ ಇದು.

ಕೊಟ್ಟವರಿಗೆ ಲಾಭವೂ ಇದೆ. ರೋಲ್ಸ್-ರಾಯ್ಸ್ ಕಂಪನಿ ತನ್ನ ಮೇಲಿನ ಲಂಚದ ಪ್ರಕರಣದಲ್ಲಿ ಒಳ ವಿಚಾರಣೆಯ ಸಂದರ್ಶನ ಟಿಪ್ಪಣಿಗಳನ್ನು ಸೀಮಿತ ಷರತ್ತಿನ ಮೇಲೆ ದೊಡ್ಡ ವಂಚನೆಗಳ ತನಿಖೆ ಮಾಡುವ ಬ್ರಿಟನ್ನಿನ ಸೀರಿಯಸ್ ಫ್ರಾಡ್ ಆಫೀಸಿಗೆ ಕೊಟ್ಟಿತು. 2017ರ ಜನವರಿಯಲ್ಲಿ ರಾಜಿಯಾಯಿತು. ಸುಮಾರು 49.7 ಕೋಟಿ ಪೌಂಡ್ ಕಟ್ಟಬೇಕಾಗಿ ಬಂತು ನಿಜ. ಆದರೆ ದಂಡದಲ್ಲಿ ಶೇ. 50ರಷ್ಟು ರಿಯಾಯಿತಿ ಸಿಕ್ಕಿತು. ಒಪ್ಪಿಕೊಂಡದ್ದಕ್ಕೆ ಸಾಮಾನ್ಯವಾಗಿ ಸಿಗುವುದು ಮೂರನೇ ಒಂದು ಭಾಗ. ಉಳಿದದ್ದು ಅಸಾಧಾರಣ ಸಹಕಾರಕ್ಕೆ.

ಇನ್ನು ಎದುರು ಬದಿಯವರ ಮುಖ್ಯ ಭಯಕ್ಕೆ ಬರುತ್ತೇನೆ. ನಿಯಂತ್ರಕರಿಗೆ ಕೊಟ್ಟದ್ದು ದಾವೆ ಹಾಕುವವರ ಕೈಗೆ ಸಿಕ್ಕಿಬಿಟ್ಟರೆ? ಅಯ್ಯೋ, ದಾವೆ ಹಾಕುವವರು ಎಂದರೆ ಯಾರು? ನಮ್ಮಿಂದಲೇ ದುಡ್ಡು ಕಳೆದುಕೊಂಡವರು. ಅವರ ಕೈಗೆ ಸತ್ಯ ಸಿಗುತ್ತದೆ ಎನ್ನುವುದನ್ನು ಒಂದು ಅಪಾಯ ಎಂದು ಪಟ್ಟಿ ಮಾಡುವ ಸಭೆಗಳಲ್ಲಿ ನಾನು ಕೂತಿದ್ದೇನೆ. ಆ ಸಭೆಗಳಲ್ಲಿ ಒಮ್ಮೆಯೂ ಯಾರೂ ಆ ಗ್ರಾಹಕರ ಹೆಸರು ಎತ್ತಲಿಲ್ಲ. "ಮೂರನೇ ವ್ಯಕ್ತಿಗಳು" ಎನ್ನುತ್ತಿದ್ದರು. ಹೀಗೆ ಹೆದರುವವರಿಗೆ ಕಾಗದ ಒಳಗಿರುವುದೇ ಮುಖ್ಯ. ಕಾಗದದಲ್ಲಿ ಏನಿದೆ ಎಂಬುದು ಮುಖ್ಯವಲ್ಲ.

ವರದಿ ಹೊರಗೆ ಬಂದ ಮೇಲೆ ನಾನು ಆ ಹುಡುಗನ ನಂಬರ್ ಹುಡುಕಿ ಫೋನ್ ಮಾಡಿದೆ. ಅವನು ಆ ಕ್ಷೇತ್ರವನ್ನೇ ಬಿಟ್ಟಿದ್ದ. ನಿನ್ನದು ತಪ್ಪಿಲ್ಲ ಎಂದು ವರದಿಯಲ್ಲಿದೆ, ನಿಯಂತ್ರಕರೂ ಒಪ್ಪಿದ್ದಾರೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಆ ವರದಿ ಯಾವಾಗ ಬರೆದದ್ದು ಮೇಡಂ?" ಎಂದು ಕೇಳಿದ. ತಾರೀಕು ಹೇಳಿದೆ. ಅವನನ್ನು ತೆಗೆದುಹಾಕುವುದಕ್ಕೆ ಐದು ತಿಂಗಳ ಹಿಂದಿನ ತಾರೀಕು.

ವಿರೋಧ: ಸಂಗತಿ ಕೊಡಿ, ವಕೀಲರ ಕಾಗದ ಬೇಡ

ಈ ಬದಿ ನಾನು ಆರಿಸಿಕೊಂಡದ್ದಲ್ಲ. ಬರೆಯಲು ಕೇಳಿದರು, ಒಪ್ಪಿಕೊಂಡೆ. ನನ್ನ ಕಕ್ಷಿದಾರರಿಗೆ ನಾನೇ ಎರಡು ಸಲ "ಕೊಟ್ಟುಬಿಡಿ" ಎಂದು ಹೇಳಿದ್ದೇನೆ. ಹಾಗಾಗಿ ಎಂದೂ ಕೊಡಬಾರದು ಎಂದು ನಾನು ಹೇಳಿದರೆ ಅದು ಪ್ರಾಮಾಣಿಕ ಮಾತಾಗುವುದಿಲ್ಲ. ಆದರೆ ಉಳಿದ ಎಲ್ಲ ಸಲ ಬೇಡ ಎಂದೇ ಹೇಳಿದ್ದೇನೆ. ಆ ಕಾರಣಗಳನ್ನು ಇಲ್ಲಿ ಇಡುತ್ತೇನೆ.

ಮೊದಲು ಕ್ವೆಸ್ಟ್ ಕಥೆ. ಅಮೆರಿಕದ ಈ ದೂರವಾಣಿ ಕಂಪನಿಯ ಮೇಲೆ ತನಿಖೆ ನಡೆಯಿತು. ಕಂಪನಿ ಸಹಕರಿಸಲು ನಿರ್ಧರಿಸಿ 2,20,000ಕ್ಕೂ ಜಾಸ್ತಿ ಪುಟಗಳ ಗೋಪ್ಯ ಕಾಗದವನ್ನು ನ್ಯಾಯ ಇಲಾಖೆಗೂ ಷೇರು ಮಾರುಕಟ್ಟೆ ನಿಯಂತ್ರಕರಿಗೂ ಕೊಟ್ಟಿತು. ಕರಾರು ಇತ್ತು. ಗೋಪ್ಯತೆ ಬಿಟ್ಟಿಲ್ಲ ಎಂದು ಅದರಲ್ಲಿ ಬರೆದೂ ಇತ್ತು. ಆಮೇಲೆ ದಾವೆ ಹಾಕಿದವರು ಆ ಪುಟಗಳು ನಮಗೂ ಬೇಕು ಎಂದರು. 2006ರಲ್ಲಿ ಹತ್ತನೇ ಸರ್ಕ್ಯೂಟ್ (ಪ್ರಾಂತ್ಯ) ಮೇಲ್ಮನವಿ ನ್ಯಾಯಾಲಯ ಕಂಪನಿಯ ಮಾತು ಕೇಳಲಿಲ್ಲ. ಒಬ್ಬರಿಗೆ ಕೊಟ್ಟ ಮೇಲೆ ಇನ್ನೊಬ್ಬರಿಗೆ ಗೋಪ್ಯ ಎನ್ನಲಾಗದು ಎಂದಿತು.

ಇನ್ನೊಂದು ಪ್ರಕರಣ ಇದಕ್ಕಿಂತ ನೋವಿನದು. ಒಬ್ಬ ವಕೀಲರ ಕಚೇರಿಯಿಂದ ಗೋಪ್ಯ ಕಾಗದಗಳು ಕಳುವಾದವು. ಸೂಪರ್‌ಮ್ಯಾನ್ ಹಕ್ಕುಗಳ ಜಗಳಕ್ಕೆ ಸೇರಿದ ಕಾಗದಗಳು. ಕಳ್ಳತನ ತನಿಖೆ ಮಾಡಿ ಎಂದು ಅವರೇ ಸರ್ಕಾರವನ್ನು ಕೇಳಿಕೊಂಡರು. ತನಿಖೆಗಾಗಿ ಅವೇ ಕಾಗದಗಳನ್ನು ಸರ್ಕಾರಿ ವಕೀಲರಿಗೆ ಕೊಟ್ಟರು. ಹೊರಗೆ ಬಿಡುವುದಿಲ್ಲ ಎಂಬ ಪತ್ರವನ್ನೂ ಪಡೆದಿದ್ದರು. 2012ರಲ್ಲಿ ಒಂಬತ್ತನೇ ಸರ್ಕ್ಯೂಟ್ ನ್ಯಾಯಾಲಯ ಗೋಪ್ಯತೆ ಹೋಯಿತು ಎಂದೇ ಹೇಳಿತು. ಅಲ್ಲಿ ಕಾಗದ ಕೊಟ್ಟವರು ಕಳುವಿಗೆ ಒಳಗಾದವರು, ತಪ್ಪು ಮಾಡಿದವರಲ್ಲ. ಅವರಿಗೇ ಹೀಗಾಯಿತು.

ಅಮೆರಿಕದಲ್ಲಿ ಸೀಮಿತವಾಗಿ ಕೊಡಬಹುದು ಎಂದು ಒಪ್ಪಿದ್ದು 1978ರಲ್ಲಿ ಎಂಟನೇ ಸರ್ಕ್ಯೂಟ್, ಡೈವರ್ಸಿಫೈಡ್ ಪ್ರಕರಣದಲ್ಲಿ. ಆಮೇಲೆ ಬಂದ ಮೇಲ್ಮನವಿ ನ್ಯಾಯಾಲಯಗಳು ಒಂದರ ಹಿಂದೆ ಒಂದು ಅದನ್ನು ತಳ್ಳಿಹಾಕಿದವು. 2008ರಲ್ಲಿ ಗೋಪ್ಯತೆ ಯಾವಾಗ ಹೋಗುತ್ತದೆ ಎಂದು ಹೇಳುವ ಸಾಕ್ಷ್ಯ ನಿಯಮ 502 ಬಂದಾಗ, ಸೀಮಿತವಾಗಿ ಕೊಡುವ ಅವಕಾಶವನ್ನು ಅದರಲ್ಲಿ ಸೇರಿಸುವ ಪ್ರಸ್ತಾಪ ಇತ್ತು. ಕೊನೆಗೆ ಕೈಬಿಟ್ಟರು. ಕಾಗದ ಕೊಡುವುದಿಲ್ಲ, ಬಾಯಲ್ಲಿ ಹೇಳುತ್ತೇವೆ ಎಂದು ಕೆಲವರು ಉಪಾಯ ಮಾಡಿದರು. 2017ರಲ್ಲಿ ಫ್ಲಾರಿಡಾದ ಒಂದು ನ್ಯಾಯಾಲಯ ಅದನ್ನೂ ಒಪ್ಪಲಿಲ್ಲ. ವಕೀಲರು ಸಂದರ್ಶನ ಟಿಪ್ಪಣಿಗಳ ಸಾರವನ್ನು ನಿಯಂತ್ರಕರಿಗೆ ಓದಿ ಹೇಳಿದ್ದರು. ಓದಿ ಹೇಳಿದ್ದೂ ಕೊಟ್ಟಂತೆಯೇ ಎಂದಿತು.

ಇಂಗ್ಲೆಂಡಿನಲ್ಲಿ, ಹಾಂಗ್ ಕಾಂಗ್‌ನಲ್ಲಿ ಹಾಗಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಕರಾರಿಗೆ ಸಹಿ ಬಿದ್ದರೆ ಜಗತ್ತಿನ ಎಲ್ಲ ನ್ಯಾಯಾಲಯಗಳೂ ಅದಕ್ಕೆ ತಲೆಬಾಗುತ್ತವೆ ಎಂದು ಅವರು ನಂಬಿದ್ದಾರೆ. ತಲೆಬಾಗುವುದಿಲ್ಲ. ಕಾಗದಕ್ಕೆ ಗಡಿ ಇಲ್ಲ. ಒಂದು ದೇಶದ ನಿಯಂತ್ರಕರು ಇನ್ನೊಂದು ದೇಶದವರ ಜೊತೆ ಮಾಹಿತಿ ಹಂಚಿಕೊಳ್ಳುತ್ತಾರೆ. ಎರಡು ಮೂರು ದೇಶಗಳಲ್ಲಿ ವ್ಯವಹಾರ ಇರುವ ಸಂಸ್ಥೆ ಯಾವ ದೇಶದ ನ್ಯಾಯಾಲಯದಲ್ಲಿ ನಿಲ್ಲಬೇಕಾಗುತ್ತದೆ ಎಂದು ಕೊಡುವ ದಿನ ಯಾರಿಗೂ ಗೊತ್ತಿರುವುದಿಲ್ಲ.

ನನಗೆ ಇವೆಲ್ಲಕ್ಕಿಂತ ಮುಖ್ಯ ಅನ್ನಿಸುವುದು ಬೇರೆಯೇ. ಸಂಗತಿಗಳು ಯಾವತ್ತೂ ಗೋಪ್ಯವಲ್ಲ. ವಕೀಲರ ಜೊತೆಗಿನ ಮಾತುಕತೆ ಮಾತ್ರ ಗೋಪ್ಯ. ಈ ವ್ಯತ್ಯಾಸವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1981ರಲ್ಲಿ ಅಪ್‌ಜಾನ್ ಪ್ರಕರಣದಲ್ಲಿ ಸ್ಪಷ್ಟ ಮಾಡಿತು. ಅಪ್‌ಜಾನ್ ಔಷಧ ಕಂಪನಿ. ವಿದೇಶಿ ಅಧಿಕಾರಿಗಳಿಗೆ ಹಣ ಕೊಟ್ಟಿದ್ದೇವೆ ಎಂದು 1976ರಲ್ಲಿ ತಾನಾಗಿ ನಿಯಂತ್ರಕರಿಗೆ ತಿಳಿಸಿತು. ತೆರಿಗೆ ಇಲಾಖೆ ಮುಂದೆ ಹೋಗಿ, ವಕೀಲರು ವ್ಯವಸ್ಥಾಪಕರಿಗೆ ಕಳಿಸಿದ್ದ ಪ್ರಶ್ನೆಪಟ್ಟಿಗಳೂ ಅವರ ಉತ್ತರಗಳೂ ಬೇಕು ಎಂದಿತು. ನ್ಯಾಯಾಲಯ ಕೊಡಿಸಲಿಲ್ಲ. ಯಾರು ಏನು ಮಾಡಿದರು ಎಂದು ಆ ಜನರನ್ನೇ ಕೇಳಿ ತಿಳಿದುಕೊಳ್ಳಬಹುದು, ಅವರು ವಕೀಲರಿಗೆ ಏನು ಹೇಳಿದರು ಎಂದು ಕೇಳುವಂತಿಲ್ಲ, ಅಷ್ಟೇ.

ಇದನ್ನು ತುಂಬ ಜನ ತಪ್ಪಾಗಿ ತಿಳಿದಿದ್ದಾರೆ. ತಪ್ಪು ನಡೆದ ಕಾಲದಲ್ಲಿ ನೌಕರರು ತಮ್ಮತಮ್ಮಲ್ಲೇ ಬರೆದುಕೊಂಡ ಪತ್ರ, ಎಚ್ಚರಿಕೆ, ಉತ್ತರ, ಖಾತೆಗಳ ಪಟ್ಟಿ, ಇವು ಯಾವುವೂ ವಕೀಲರ ವರದಿಗೆ ಪಿನ್ ಹಾಕಿದ ಮಾತ್ರಕ್ಕೆ ಗೋಪ್ಯವಾಗುವುದಿಲ್ಲ. ಅವನ್ನು ಮೊದಲ ದಿನವೇ ಕೊಡಬಹುದು. ಕೊಡಲೇಬೇಕು ಎಂದೇ ನಾನು ಹೇಳುತ್ತೇನೆ. ಅವನ್ನೂ ವರದಿಯ ಜೊತೆ ಬೀರುವಿನಲ್ಲಿಟ್ಟು "ಗೋಪ್ಯ" ಎಂದು ಬರೆಯುವ ಸಂಸ್ಥೆ ಸುಳ್ಳು ಹೇಳುತ್ತಿದೆ. ಆ ತಪ್ಪನ್ನು ಗೋಪ್ಯತೆಯ ತಲೆಗೆ ಕಟ್ಟಬಾರದು.

ತನಿಖೆ ಮಾಡುವವರೂ ಈಗ ಇದನ್ನು ಒಪ್ಪಿದ್ದಾರೆ. ಅಮೆರಿಕದ ನ್ಯಾಯ ಇಲಾಖೆ ಒಂದು ಕಾಲದಲ್ಲಿ ಗೋಪ್ಯತೆ ಬಿಟ್ಟರೆ ಸಹಕಾರ ಎಂದು ಎಣಿಸುತ್ತಿತ್ತು. ಕಂಪನಿಗಳ ಮೇಲೆ ಅದು ದೊಡ್ಡ ಒತ್ತಡವಾಯಿತು. 2008ರಲ್ಲಿ ಬದಲಾಯಿಸಿದರು. ಸಂಗತಿ ಕೊಟ್ಟರೆ ಸಹಕಾರ, ಗೋಪ್ಯತೆ ಬಿಡಿ ಎಂದು ಕೇಳಬೇಡಿ ಎಂದರು. ಬ್ರಿಟನ್ನಿನ ಸೀರಿಯಸ್ ಫ್ರಾಡ್ ಆಫೀಸ್ 2019ರ ಮಾರ್ಗಸೂಚಿಯಲ್ಲಿ, ಗೋಪ್ಯತೆ ಬಿಡದಿದ್ದಕ್ಕೆ ಶಿಕ್ಷೆ ಇಲ್ಲ ಎಂದಿತು. ಬಿಟ್ಟರೆ ಸಿಗುವ ಅನುಕೂಲ ಸಿಗುವುದಿಲ್ಲ ಎಂದೂ ಹೇಳಿತು, ಅದನ್ನು ಮುಚ್ಚಿಡುವುದಿಲ್ಲ. 2018ರಲ್ಲಿ ಇಎನ್‌ಆರ್‌ಸಿ ಎಂಬ ಗಣಿ ಕಂಪನಿಯ ತೀರ್ಪಿನಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಒಂದು ಮುಖ್ಯ ಮಾತು ಹೇಳಿತು. ಗೋಪ್ಯತೆ ಕಳೆದುಕೊಳ್ಳುವ ಭಯವಿಲ್ಲದೆ ಕಂಪನಿಗಳು ತಮ್ಮ ಮೇಲಿನ ಆರೋಪವನ್ನು ತಾವೇ ತನಿಖೆ ಮಾಡುವಂತಿದ್ದರೆ ಸಾರ್ವಜನಿಕರಿಗೇ ಒಳ್ಳೆಯದು ಎಂದಿತು. 2020ರಲ್ಲಿ ಸ್ಪೋರ್ಟ್ಸ್ ಡೈರೆಕ್ಟ್ ಪ್ರಕರಣದಲ್ಲಿ ಲೆಕ್ಕಪರಿಶೋಧನೆಯ ನಿಯಂತ್ರಕರು ಕಕ್ಷಿದಾರರ ಗೋಪ್ಯ ಕಾಗದ ಕೇಳಿದಾಗ, ನಿಯಂತ್ರಕರೆಂಬ ಕಾರಣಕ್ಕೆ ವಿಶೇಷ ರಿಯಾಯಿತಿ ಇಲ್ಲ ಎಂದು ಅದೇ ನ್ಯಾಯಾಲಯ ಹೇಳಿತು.

ಭಾರತದಲ್ಲಿ 1872ರ ಸಾಕ್ಷ್ಯ ಕಾಯ್ದೆಯಲ್ಲಿದ್ದ ವಕೀಲ-ಕಕ್ಷಿದಾರರ ಗೋಪ್ಯತೆಯ ಕಲಮುಗಳು 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ರಿಂದ 134ಕ್ಕೆ ಬಂದು ಕೂತಿವೆ. ಕಕ್ಷಿದಾರರ ಒಪ್ಪಿಗೆ ಇಲ್ಲದೆ ವಕೀಲರು ಬಾಯಿ ಬಿಡುವಂತಿಲ್ಲ, ಕಕ್ಷಿದಾರರನ್ನು ಒತ್ತಾಯಿಸುವಂತಿಲ್ಲ ಎಂದು ಅವು ಹೇಳುತ್ತವೆ. ತಾವಾಗಿ ನಿಯಂತ್ರಕರಿಗೆ ಕೊಟ್ಟ ಕಾಗದ ಮೂರನೆಯವರ ಎದುರು ಗೋಪ್ಯವಾಗಿಯೇ ಉಳಿಯುತ್ತದೆ ಎಂಬ ಸಾಲು ಅಲ್ಲಿಲ್ಲ. ಸಂಬಳಕ್ಕಿರುವ ಒಳವಕೀಲರಿಗೆ 132ರ ರಕ್ಷಣೆ ಇಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 31ರಂದು ಹೇಳಿದೆ. ರಕ್ಷಣೆ ಇರುವುದೇ ಇಷ್ಟು. ಅದನ್ನೂ ಕೈಯಾರೆ ಕೊಡುವ ಮುಂಚೆ ಎರಡು ಸಲ ಯೋಚಿಸಬೇಕು, ಅಲ್ವಾ?

ಕೊನೆಗೆ ಮಾತಾಡುವವರ ವಿಷಯ. ಒಳ ವಿಚಾರಣೆಯಲ್ಲಿ ನಾನು ಯಾರನ್ನೇ ಮಾತಾಡಿಸಲಿ, ಮೊದಲು ಒಂದು ಎಚ್ಚರಿಕೆ ಹೇಳುತ್ತೇನೆ. ನಾನು ಸಂಸ್ಥೆಯ ವಕೀಲೆ, ನಿಮ್ಮ ವಕೀಲೆ ಅಲ್ಲ. ಈ ಮಾತು ಗೋಪ್ಯ, ಆದರೆ ಆ ಗೋಪ್ಯತೆ ಸಂಸ್ಥೆಯದ್ದು. ಸಂಸ್ಥೆ ಬೇಕಾದರೆ ಇದನ್ನು ಸರ್ಕಾರಕ್ಕೆ ಕೊಡಬಹುದು. ಹೆಚ್ಚಿನವರು ತಲೆಯಾಡಿಸಿ ಮಾತು ಶುರು ಮಾಡುತ್ತಾರೆ. ಒಬ್ಬರು ಉಗ್ರಾಣದ ಲೆಕ್ಕ ನೋಡುವವರು ಇದ್ದರು. "ಕೊಡುತ್ತಾರಾ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅವರು ತಂದಿದ್ದ ಒಂದು ಪುಟ್ಟ ನೋಟ್‌ಬುಕ್ ಮೇಜಿನ ಮೇಲಿತ್ತು. ಅದನ್ನು ನಿಧಾನವಾಗಿ ತೆಗೆದು ಚೀಲಕ್ಕೆ ಹಾಕಿಕೊಂಡರು. ಆಮೇಲೆ ಒಂದು ಗಂಟೆ ಕೇಳಿದ್ದಕ್ಕೆಲ್ಲ ಹೌದು, ಇಲ್ಲ, ನೆನಪಿಲ್ಲ. ಆ ನೋಟ್‌ಬುಕ್‌ನಲ್ಲಿ ಏನಿತ್ತು ಎಂದು ನನಗಾಗಲಿ, ಸಂಸ್ಥೆಗಾಗಲಿ, ನಿಯಂತ್ರಕರಿಗಾಗಲಿ ಕೊನೆಗೂ ಗೊತ್ತಾಗಲಿಲ್ಲ. ಕೊಡುವುದೇ ರೂಢಿಯಾದರೆ ಎಲ್ಲರೂ ಅವರಂತೆಯೇ ಚೀಲ ಮುಚ್ಚುತ್ತಾರೆ.

ನಾನು "ಕೊಟ್ಟುಬಿಡಿ" ಎಂದ ಎರಡು ಸಲವೂ ಜನರಿಗೆ ಆಗುತ್ತಿದ್ದ ನಷ್ಟ ಇನ್ನೂ ನಿಂತಿರಲಿಲ್ಲ. ಒಂದೊಂದು ದಿನ ತಡವಾದರೂ ಇನ್ನಷ್ಟು ಜನರಿಗೆ ತೊಂದರೆಯಾಗುತ್ತಿತ್ತು. ಬೇರೆ ದಾರಿ ಇರಲಿಲ್ಲ. ಆಗಲೂ ಬೇಕಾದಷ್ಟೇ ಪುಟ ಕೊಟ್ಟೆವು. ವಕೀಲರ ಅಭಿಪ್ರಾಯದ ಭಾಗ ಮುಚ್ಚಿ ಕೊಟ್ಟೆವು. ಯಾವ ಉದ್ದೇಶಕ್ಕೆ, ಯಾರು ನೋಡಬಹುದು, ಮುಗಿದ ಮೇಲೆ ಹೇಗೆ ವಾಪಸ್ ಮಾಡಬೇಕು ಎಂದು ಕೊಡುವ ಮುಂಚೆಯೇ ಬರೆಸಿಕೊಂಡೆವು. ಎರಡನೇ ಸಲದ ಕರಾರಿನಲ್ಲಿ ಒಂದು ಸಾಲಿತ್ತು. ಕಾನೂನಿನ ಪ್ರಕಾರ ಅಗತ್ಯವಾದರೆ ನಿಯಂತ್ರಕರು ಈ ಕಾಗದಗಳನ್ನು ಬೇರೆ ಪ್ರಾಧಿಕಾರಗಳಿಗೂ ಕೊಡಬಹುದು ಎಂದು. ನಾನು ಅದನ್ನು ಹೊಡೆದುಹಾಕಿ ಕಳಿಸಿದೆ. ಅವರು ಮತ್ತೆ ಸೇರಿಸಿ ಕಳಿಸಿದರು. ಮತ್ತೆ ಹೊಡೆದೆ. ಮತ್ತೆ ಬಂತು. ಸಮಯ ಇರಲಿಲ್ಲ, ಕಕ್ಷಿದಾರರು ಸಹಿ ಹಾಕಿದರು. ಆ ಪುಟಗಳು ಇವತ್ತು ಎಷ್ಟು ಜನರ ಕೈಯಲ್ಲಿವೆ ಎಂದು ಅವರು ಆಗಾಗ ನನ್ನನ್ನು ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ.